ತುಪ್ಪವಿಲ್ಲದ ನೈವೇದ್ಯ

ನಮ್ಮ ರಸ್ತೆಯ ಹೆಂಗಸರಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಿದಾಗೆಲ್ಲ ನಮ್ಮ ಮನೆಯವರು, ಪುರುಷೋತ್ತಮ, ಪೇಪರ್ ಕೆಳಗಿಳಿಸಿ, "ನಿಂಗೊಬ್ಬಳಿಗೇ ಇರೋದು ಬಿಡೇ" ಅಂತಾರೆ. ಹೌದು, ನನಗಿದೆ. ಮೂವತ್ತೊಂದು ವರ್ಷ ಪಿಯು ಕಾಲೇಜಲ್ಲಿ ಹೋಮ್ ಸೈನ್ಸ್ ಪಾಠ ಮಾಡಿದೀನಿ. ಹಾಲಲ್ಲಿ ಏನಿದೆ, ಮೊಸರಲ್ಲಿ ಏನಿದೆ, ಬೆಣ್ಣೆ ಕಾಯಿಸಿದರೆ ಏನು ಉಳಿಯುತ್ತೆ ಅಂತ ಬೋರ್ಡ್ ಮೇಲೆ ಬರೆದು ಬರೆದು ಬೆರಳು ಸವೆಸಿಕೊಂಡವಳು ನಾನು. ವಿಜಯನಗರದ ಈ ಅಡ್ಡರಸ್ತೆಯಲ್ಲಿ ಆ ಮಾತು ಕೇಳೋ ಕಿವಿ ಒಂದೂ ಇಲ್ಲ.

ವಿಷಯ ನನ್ನ ಮೊಮ್ಮಗಳು ಸ್ಮೃತಿದು. ಆರು ವರ್ಷ. ಅವಳಿಗೆ ಹಾಲು ಆಗಲ್ಲ, ಗೋಡಂಬಿ ಬಾದಾಮಿ ಆಗಲ್ಲ. ಆಗಲ್ಲ ಅಂದರೆ ಹೊಟ್ಟೆ ಕೆಡೋದಲ್ಲ. ತುಟಿ ಊದುತ್ತೆ, ಮೈಯೆಲ್ಲ ದದ್ದು ಏಳುತ್ತೆ, ಗಂಟಲು ಕಟ್ಟಿ ಉಸಿರಾಡೋಕೆ ಒದ್ದಾಡುತ್ತೆ ಮಗು. ಇದನ್ನ ನಾನು ಈ ರಸ್ತೆಯಲ್ಲಿ ಎಷ್ಟು ಸಲ ಹೇಳಿದೀನೋ ಆ ದೇವರಿಗೇ ಗೊತ್ತು. ಪೂರ್ತಿ ಕೇಳಿಸಿಕೊಂಡು, ತಲೆ ಆಡಿಸಿ, ಆಮೇಲೆ "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಅಂಬುಜಾ" ಅಂತಾರೆ. ನಿಮ್ಮ ಕಾಲದಲ್ಲಿ ಮಗು ಸತ್ತರೆ ದೃಷ್ಟಿ ತಾಗಿತು ಅಂತಿದ್ರಿ, ಅಷ್ಟೇ ವ್ಯತ್ಯಾಸ.

ಹೋದ ವರ್ಷ ನವರಾತ್ರಿಯಲ್ಲಿ ಕಾರ್ನರ್ ಮನೆ ನೀಲಮ್ಮ ಬೊಂಬೆ ಆರತಿಗೆ ಕರೆದಿದ್ದಳು. ಮಗೂನ ಕರ್ಕೊಂಡು ಹೋದೆ. ನಾನು ಆ ಕಡೆ ತಿರುಗಿ ಕುಂಕುಮ ಇಟ್ಟುಕೊಳ್ಳೋ ಅಷ್ಟರಲ್ಲಿ ಅವಳು ಸ್ಮೃತಿ ಕೈಗೆ ಕೊಬ್ಬರಿ ಮಿಠಾಯಿ ತುರುಕಿದಾಳೆ. "ಹಾಲು ಹಾಕಿಲ್ಲ ಪುಟ್ಟಿ, ತಿನ್ನು" ಅಂತ ಬೇರೆ. ಹಾಲು ಹಾಕಿರಲಿಲ್ಲ, ನಿಜ. ಹಾಲಿನ ಪುಡಿ ಹಾಕಿದ್ದಳು. ಹತ್ತು ನಿಮಿಷಕ್ಕೆ ಮಗುವಿನ ಮುಖ ಊದಿ ಕಣ್ಣೇ ಕಾಣದ ಹಾಗಾಯ್ತು. ಆಟೋದಲ್ಲಿ ಆಸ್ಪತ್ರೆಗೆ ಓಡಿದ್ದು, ಸೂಜಿ ಚುಚ್ಚಿದ್ದು, ಎರಡು ದಿನ ಅಲ್ಲೇ ಇಟ್ಟುಕೊಂಡಿದ್ದು, ಎಲ್ಲ ಆಯ್ತು. ನೀಲಮ್ಮ ನೋಡೋಕೆ ಬಂದಳು. ಕೈಯಲ್ಲಿ ಮಿಲ್ಕ್ ಬಿಸ್ಕತ್ತಿನ ಪ್ಯಾಕೆಟ್ಟು. "ಪುಡಿ ಅಂದ್ರೆ ಹಾಲಲ್ವಲ್ಲ ಅಂದ್ಕೊಂಡೆ" ಅಂದಳು. ಅವತ್ತು ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ, ಆಸ್ಪತ್ರೆ ಅಂತಾನೂ ನೋಡಲಿಲ್ಲ. ಇವತ್ತಿಗೂ ಅದಕ್ಕೆ ಬೇಜಾರಿಲ್ಲ ನನಗೆ.

ಅಲ್ಲಿಂದ ಮುಂದೆ ನನ್ನ ಸೊಸೆ ದೀಪ್ತಿ ಮಗುವಿಗೆ ಎಲ್ಲಿ ಹೋದರೂ ಸ್ಟೀಲ್ ಡಬ್ಬಿ ಕಟ್ಟಿ ಕಳಿಸೋದು ಶುರು ಮಾಡಿದಳು. ದೀಪ್ತಿಗೆ ಮಾತು ಕಮ್ಮಿ. ಪ್ರತಿ ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದ್ತಾಳೆ. ಅದು ಸರಿಯೇ. ಆದರೆ ನಮ್ಮ ಮನೆಗೆ ಬಂದಾಗಲೂ ಸೌಟು ಮೂಸಿ ನೋಡ್ತಾಳೆ. ಹೋಮ್ ಸೈನ್ಸ್ ಲೆಕ್ಚರರ್ ಮನೆಯಲ್ಲಿ ಸೌಟು ಮೂಸೋದಾ ಅಂತ ನನಗೆ ಮೈ ಉರಿಯುತ್ತೆ. ಮಗ ಅಭಿನವ್‌ಗೆ ಹೇಳಿದರೆ, "ಅಮ್ಮ, ಅವಳಿಗೆ ಭಯ, ಬಿಡು" ಅಂತಾನೆ. ಹೆಂಡತಿ ಪರವಾಗಿ ಮಾತಾಡೋಕೆ ಮಾತ್ರ ಅವನಿಗೆ ಬಾಯಿ ಇದೆ.

ಈ ವರ್ಷ ಪಿತೃಪಕ್ಷ ಶುರುವಾಗೋ ಹೊತ್ತಿಗೆ ಸ್ಮೃತಿ ಫೋನ್ ಮಾಡಿದಳು. "ಅಜ್ಜಿ, ಈ ಸಲ ಬೊಂಬೆ ಆರತಿಗೆ ಎಲ್ಲರಿಗೂ ದೊನ್ನೆಯಲ್ಲಿ ಕೊಡ್ತೀಯಲ್ಲ, ಅದನ್ನೇ ನಂಗೂ ಕೊಡ್ತೀಯಾ?"

"ಉಸಲಿ ಮಾಡ್ತೀನಿ ಪುಟ್ಟಾ, ಅದನ್ನ ನೀನು ತಿನ್ನಬಹುದು."

"ಉಸಲಿ ಬೇಡ. ಸ್ವೀಟು. ಓವನ್ನಲ್ಲಿ ಮಾಡಿದ್ದು. ಬರ್ತ್‌ಡೇಲಿ ಎಲ್ರೂ ತಿಂತಾರಲ್ಲ, ಆ ಥರದ್ದು."

ಬೇರೆ ಮಕ್ಕಳ ಕೇಕಿಗೆ ಚಪ್ಪಾಳೆ ತಟ್ಟಿ, ಮೂಲೆಯಲ್ಲಿ ಕೂತು ಡಬ್ಬಿ ತೆಗೆಯೋ ಮಗು ಅದು. ಕೊಡ್ತೀನಿ ಅಂದೆ. ದೀಪ್ತಿ ಫೋನ್ ಇಸ್ಕೊಂಡಳು. "ಸರಿ ಅತ್ತೆ. ಆದ್ರೆ ಈ ಸಲ ಏನಾದ್ರೂ ಆದ್ರೆ ಇನ್ನು ಮುಂದೆ ಹಬ್ಬ ಅಂತ ಅವಳನ್ನ ಎಲ್ಲೂ ಕಳಿಸಲ್ಲ" ಅಂದಳು.

"ಎಲ್ಲೂ ಅಂದ್ರೆ ನೀಲಮ್ಮನ ಮನೆಗೆ ತಾನೇ? ಕಳಿಸ್ಲೇಬೇಡ" ಅಂದೆ ನಾನು. ಅವಳು "ಇಡ್ತೀನಿ ಅತ್ತೆ" ಅಂತ ಫೋನ್ ಇಟ್ಟಳು.

ಸರಿ, ಹುಡುಕೋಕೆ ಕೂತೆ. ಯೂಟ್ಯೂಬಲ್ಲಿ ಒಬ್ಬಳು ಬಿಳಿ ಏಪ್ರನ್ ಕಟ್ಟಿಕೊಂಡು 'ಅಲರ್ಜಿ ಫ್ರೆಂಡ್ಲಿ ಆಟಮ್ ಡೆಸರ್ಟ್' ಅಂತ ಸೇಬು ಹೆಚ್ಚುತಾ ಇದ್ದಳು. ಹಿಂದೆ ಕಿಟಕಿಯಲ್ಲಿ ಹಳದಿ ಎಲೆ ಉದುರ್ತಾ ಇತ್ತು. ನಮ್ಮ ಕಡೆ ಶರದೃತು ಅಂದರೆ ಸಂಜೆ ಆದರೆ ಮಳೆ, ಮಾರ್ಕೆಟ್ ರಸ್ತೆ ತುಂಬ ಬಾಳೆಕಂದು, ಕಾಲಿಗೆ ಸಿಕ್ಕೋ ಕೊಳೆತ ಚೆಂಡುಹೂವು. ಹೋಗಲಿ ಅಂತ ನೋಡಿದೆ. ಹಾಲಿಲ್ಲ, ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ ಅಂತ ಹಲ್ಲು ಬಿಟ್ಟು ಹೇಳಿ, ಮೇಲೆ ಉದುರಿಸಿದ್ದು ಏನು? ಬಾದಾಮಿ ಹಿಟ್ಟು, ಎರಡು ಕಪ್ಪು. ಯಾರಿಗೆ ಫ್ರೆಂಡ್ಲಿ ಇದು? ಬೇಕರಿಗೆ ಹೋಗಿ ವಿಚಾರಿಸಿದೆ. "ಹಾಲು ಹಾಕದೇ ಇರೋದು ಏನಿದೆಯಪ್ಪ?" ಅಂದರೆ ಅವನು, "ಎಲ್ಲ ಪ್ಯೂರ್ ವೆಜ್ ಆಂಟಿ, ಎಗ್‌ಲೆಸ್" ಅಂದ. ನಾನು ಹಾಲು ಕೇಳಿದ್ದು ಅಂದೆ. "ಅದೇ ಆಂಟಿ, ಮೊಟ್ಟೆ ಇಲ್ಲ" ಅಂದ. ಇವರ ಜೊತೆ ಏನು ಮಾತಾಡ್ತೀರಿ.

ನಾನೇ ಒಂದು ಲೆಕ್ಕ ಹಾಕಿದೆ. ಸೇಬು, ಸೀಬೆಹಣ್ಣು, ಎರಡೂ ಈಗ ಚೆನ್ನಾಗಿ ಸಿಗೋ ಕಾಲ. ಬೆಲ್ಲ, ಚಕ್ಕೆಪುಡಿ, ನಿಂಬೆರಸ. ಮೇಲೆ ಗರಿಗರಿಯಾಗಿ ಬರೋಕೆ ಗಟ್ಟಿ ಅವಲಕ್ಕಿ ತರಿತರಿಯಾಗಿ ಪುಡಿ ಮಾಡಿ, ಒಣಕೊಬ್ಬರಿ ತುರಿ ಸೇರಿಸಿ, ಬೆಣ್ಣೆ ಬದಲು ಗಾಣದ ಕೊಬ್ಬರಿ ಎಣ್ಣೆಯಲ್ಲಿ ಕಲಸೋದು. ಮೊದಲನೇ ಸಲ ಬೆಲ್ಲ ನೀರು ಬಿಟ್ಟು ಕೆಳಗೆ ಪಾನಕ, ಮೇಲೆ ತೊಯ್ದ ಅವಲಕ್ಕಿ. ನಮ್ಮ ಮನೆಯವರು ಚಮಚದಲ್ಲಿ ಕಲಕಿ, "ಇದು ಕುಡಿಯೋದಾ ತಿನ್ನೋದಾ?" ಅಂದರು. ಎರಡನೇ ಸಲ ಸೀಬೆ ಬೀಜ ಹಲ್ಲಿಗೆ ಸಿಕ್ಕಿ ಅವರ ಹಲ್ಲಿನ ಕ್ಯಾಪ್ ಅಲ್ಲಾಡಿತು, ಒಂದು ವಾರ ಅದೇ ಕತೆ. ಮೂರನೇ ಸಲ ಸೀಬೆ ಬೇಯಿಸಿ ಸೋಸಿ, ಬೆಲ್ಲ ಮೊದಲೇ ಪಾಕಕ್ಕೆ ತಂದು, ಹಣ್ಣಿನ ಮೇಲೆ ಸುರಿದು ಬೇಯಿಸಿದೆ. ಮೇಲೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ ಹುಳಿಸಿಹಿ. ಹೆಸರಿಗೇನು, ಹಣ್ಣಿನ ಬೇಕ್ ಅಂದ್ಕೊಳ್ಳಿ. ಅಂಥದ್ದನ್ನ ಈ ಏರಿಯಾದಲ್ಲಿ ಯಾರೂ ಮಾಡಿರಲ್ಲ.

ಆಗ ಇವರ ಹೊಸ ರಾಗ ಶುರುವಾಯ್ತು. "ದೇವಿಗೆ ನೈವೇದ್ಯ ಮಾಡಿ ತಾನೇ ಕೊಡೋದು? ಅಭಿಘಾರಕ್ಕೆ ತುಪ್ಪ ಬೇಡ್ವಾ?"

ಇವರ ಮನೆ ಪದ್ಧತಿ ಅದು. ಅನ್ನ ಇರಲಿ ಪಾಯಸ ಇರಲಿ, ಎರಡು ತೊಟ್ಟು ತುಪ್ಪ ಬಿಟ್ಟ ಮೇಲೇ ಅದು ಶುದ್ಧ, ಆಮೇಲೇ ದೇವರ ಮುಂದೆ. ನಾನು ಮದುವೆಯಾಗಿ ಬಂದ ವಾರದಲ್ಲೇ ನಮ್ಮತ್ತೆ ನನ್ನ ಕೈ ಹಿಡಿದು ಕಲಿಸಿದ್ದರು.

"ತುಪ್ಪ ಬೇಡ" ಅಂದೆ.

"ಎರಡೇ ತೊಟ್ಟು ಕಣೇ. ಮಗು ತಿನ್ನೋ ಕಡೆ ಬೀಳದ ಹಾಗೆ ಬಿಟ್ರೆ ಆಯ್ತು."

ಮೂವತ್ತೊಂದು ವರ್ಷದ ಪಾಠ ಅರ್ಧ ಗಂಟೆಯಲ್ಲಿ ಮಾಡಿದೆ ಅವರಿಗೆ. ಬೆಣ್ಣೆ ಎಷ್ಟು ಕಾಯಿಸಿದರೂ ತುಪ್ಪದಲ್ಲಿ ಹಾಲಿನ ಅಂಶ ಉಳಿದೇ ಉಳಿಯುತ್ತೆ, ಈ ಮಗುವಿಗೆ ಒಂದು ತೊಟ್ಟೂ ಸಾಕು, ಎಲ್ಲಿ ಬಿತ್ತು ಅಂತ ದೇವರೇ ಬಂದರೂ ಹೇಳೋಕಾಗಲ್ಲ. "ಜಗನ್ಮಾತೆ ತುಪ್ಪ ಇಲ್ಲ ಅಂತ ಮುಖ ತಿರುಗಿಸ್ತಾಳಾ? ತಿರುಗಿಸಿದ್ರೆ ತಿರುಗಿಸ್ಲಿ" ಅಂದೆ. ಬ್ಯಾಂಕಲ್ಲಿ ಮ್ಯಾನೇಜರ್ ಆಗಿದ್ದವರು, ಇಷ್ಟು ಅರ್ಥ ಆಗಲ್ಲ. ಕೊನೆಗೆ "ನಿನ್ನಿಷ್ಟ" ಅಂದು ವಾಕಿಂಗ್ ಹೋದರು.

ಸರಸ್ವತಿ ಪೂಜೆ ದಿನ ಗೊತ್ತು ಮಾಡಿದೆ. ಹಿಂದಿನ ದಿನವೇ ಹಾಲು, ಮೊಸರು, ಬೆಣ್ಣೆ, ತುಪ್ಪದ ಡಬ್ಬ, ಗೋಡಂಬಿ ಬಾಟಲಿ ಎಲ್ಲ ಮೇಲಿನ ಮನೆ ಬಾಡಿಗೆಯವರ ಫ್ರಿಜ್ಜಿಗೆ ಸಾಗಿಸಿದೆ. ಓವನ್ ತಟ್ಟೆ ಹೊಸದು ತಂದೆ. ಸೌಟು, ಚಮಚ, ಕಟ್ಟೆ, ಎಲ್ಲ ಬಿಸಿನೀರಲ್ಲಿ ಎರಡು ಸಲ ತೊಳೆದೆ. ಇವರು ಕರಿ ಕಾಫಿ ಕುಡಿದು ಮುಖ ಹಿಂಡಿಕೊಂಡರು, ಹಿಂಡಿಕೊಳ್ಳಲಿ. ಆರತಿ ಬತ್ತಿ ನೆನೆಸೋಕೆ ಅಂತ ಬೆಳ್ಳಿ ಬಟ್ಟಲಲ್ಲಿ ಒಂದಿಷ್ಟು ತುಪ್ಪ ಮಾತ್ರ ಉಳಿಸಿಕೊಂಡು ನಡುಮನೆಯಲ್ಲಿ ಬೊಂಬೆ ಮೆಟ್ಟಿಲ ಪಕ್ಕ ಇಟ್ಟೆ. ಅದು ದೀಪದ್ದು. ಅಡುಗೆಮನೆ ಬಾಗಿಲೊಳಗೆ ಅದು ಬರೋ ಹಾಗಿಲ್ಲ.

ದೀಪ್ತಿ ಬೆಳಿಗ್ಗೆ ರಾಜರಾಜೇಶ್ವರಿನಗರದಿಂದ ಮೆಟ್ರೋದಲ್ಲಿ ಮಗೂನ ಕರ್ಕೊಂಡು ಬಂದಳು. ಅಡುಗೆಮನೆ ಸುತ್ತ ಒಂದು ಸಲ ಕಣ್ಣಾಡಿಸಿದಳು. ಬೇಕಂತಲೇ ಸೌಟು ಎತ್ತಿ ಅವಳ ಮೂಗಿನ ಹತ್ತಿರ ಹಿಡಿದೆ. "ಮೂಸು" ಅಂದೆ. ಪಾಪ, ಮುಖ ಸಣ್ಣದಾಯ್ತು. ಮಗುವಿನ ಮುಂದೆ ಕೂತು ಕಿವಿಯಲ್ಲಿ ಏನೋ ಹೇಳಿ, ಔಷಧಿ ಚೀಲ ಇವರ ಕೈಗೆ ಕೊಟ್ಟು, ಆರು ಗಂಟೆಗೆ ಬರ್ತೀನಿ ಅಂತ ಆಫೀಸಿಗೆ ಹೋದಳು.

ಸ್ಮೃತಿ ದಿನವಿಡೀ ನನ್ನ ಸೆರಗು ಬಿಡಲಿಲ್ಲ. ಟಿವಿ ಹಾಕ್ತೀನಿ ಅಂದರೂ ಬೇಡ ಅಂದಳು. ಅಡುಗೆಮನೆಯಲ್ಲಿ ಮಣೆ ಹಾಕ್ಕೊಂಡು ಕೂತು, ಸೇಬು ಹೆಚ್ಚೋದು, ಅವಲಕ್ಕಿ ಪುಡಿ ಮಾಡೋದು, ಎಲ್ಲ ಕಣ್ಣು ಮಿಟುಕಿಸದೆ ನೋಡಿದಳು. ಇವಳಿಗೆ ನನ್ನ ಹಾಗೇ ಅಡುಗೆ ಮೇಲೆ ಆಸಕ್ತಿ ಅಂತ ನನಗೆ ಒಳಗೊಳಗೇ ಹೆಮ್ಮೆ. ಹಣ್ಣು ಬೇಯೋ ವಾಸನೆ ಬಂದಾಗ ಓವನ್ ಗಾಜಿಗೆ ಮೂಗು ಹತ್ತಿಸಿ, "ಇದು ಪೂರ್ತಿ ನಾನು ತಿನ್ನಬಹುದಾ ಅಜ್ಜಿ?" ಅಂದಳು. ಮೊದಲನೇ ದೊನ್ನೆ ನಿಂದೇ ಅಂದೆ.

ಐದೂವರೆಗೆ ಹೆಂಗಸರು ಬಂದರು. ಎಂಟು ಹತ್ತು ಜನ ಇರಬಹುದು. ನೀಲಮ್ಮನ್ನೂ ಕರೆದಿದ್ದೆ. ಬಂದು ನೋಡಲಿ, ಮಗುವಿಗೆ ಮಾಡಿ ಹಾಕೋದು ಅಂದರೆ ಹೇಗೆ ಅಂತ ಕಲೀಲಿ ಅನ್ನೋದೇ ನನ್ನ ಉದ್ದೇಶ, ಸುಳ್ಳು ಯಾಕೆ ಹೇಳಲಿ. ಎದುರು ಮನೆ ಯಶೋದಮ್ಮ ಬಂದಳು. ಈ ಲೇಔಟ್ ಆಗೋ ಮುಂಚೆ ಇಲ್ಲೆಲ್ಲ ಅವರ ಮಾವನ ಹೊಲವಂತೆ. ಅದನ್ನ ವರ್ಷಕ್ಕೆ ನೂರು ಸಲ ಹೇಳ್ತಾಳೆ. "ನಾವು ಎಮ್ಮೆ ಕೆಚ್ಚಲಿಗೇ ಬಾಯಿ ಹಾಕಿ ಬೆಳೆದೋರು ಕಣಮ್ಮ" ಅಂತ ಮಗುವಿನ ಕೆನ್ನೆ ಹಿಂಡಿದಳು. ನಾನು ಆ ಕೈ ತೆಗೆದು, ಮೊದಲು ಸೋಪಲ್ಲಿ ತೊಳೆದು ಬನ್ನಿ ಅಂದೆ. ಎಲ್ಲರಿಗೂ ಅದೇ ಹೇಳಿದೆ. ಸಿಂಕಿನ ಮುಂದೆ ಸಾಲಾಗಿ ನಿಂತು ಕೈ ತೊಳೆದರು, ನೀಲಮ್ಮ ಎರಡು ಸಲ ತೊಳೆದಳು. ನೋಡಿ ನನಗೆ ಎಷ್ಟು ಖುಷಿಯಾಯ್ತು ಅಂದರೆ, ಅದನ್ನ ಹೇಳೋಕೆ ನಾಚಿಕೆಯೂ ಇಲ್ಲ.

ತಟ್ಟೆ ತಂದು ಬೊಂಬೆಗಳ ಮುಂದೆ ಇಟ್ಟೆ. ಯಾರೋ ಹಾಡು ಎತ್ತಿಕೊಂಡರು, ಶ್ರುತಿ ಎಲ್ಲೋ ತಾಳ ಎಲ್ಲೋ. ನಾನು ನೀರು ಸುತ್ತುಗಟ್ಟಿ, ಗಂಟೆ ಬಾರಿಸಿ, ನೈವೇದ್ಯ ಮಾಡಿದೆ. ಕಣ್ಣು ಮುಚ್ಚಿ ಕೈ ಮುಗಿದೆ. ತಾಯಿ, ಇವರಿಗೆಲ್ಲ ಬುದ್ಧಿ ಕೊಡು ಅಂತ ಕೇಳಿಕೊಂಡೆ. ಆಮೇಲೆ ಬತ್ತಿ ಹಚ್ಚಿ ಆರತಿ ಎತ್ತಿದ್ದಾಯ್ತು.

ಮೊದಲನೇ ದೊನ್ನೆಗೆ ದೊಡ್ಡ ಚಮಚ ಹಾಕಿದೆ. ಮೇಲಿನದು ಕರಕರ ಸದ್ದು ಮಾಡ್ತಾ ಒಡೆಯಿತು. ಎಲ್ಲರೂ ನೋಡ್ತಾ ಇದಾರೆ. "ಬಾ ಪುಟ್ಟಾ" ಅಂದೆ.

ಸ್ಮೃತಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. "ನಂಗೆ ಬೇಡ ಅಜ್ಜಿ."

"ಯಾಕೆ ಚಿನ್ನ? ನಿನಗೇ ಅಂತ ಮಾಡಿದ್ದು."

"ಬೇಡ."

ನನಗೆ ಮುಖಕ್ಕೆ ಹೊಡೆದ ಹಾಗಾಯ್ತು. ಮೂರು ವಾರದಿಂದ ಒದ್ದಾಡಿದೀನಿ, ಇಷ್ಟು ಜನದ ಮುಂದೆ ಬೇಡ ಅಂತಾಳೆ. ಇದು ದೀಪ್ತಿ ಕಿವಿಯೂದಿ ಹೋಗಿರೋದು, ಬೇರೇನಲ್ಲ ಅಂತ ಪಿತ್ತ ನೆತ್ತಿಗೇರಿತು. ಹಿಂದಿನಿಂದ ನೀಲಮ್ಮ, "ಪಾಪ, ಅವರಮ್ಮ ಹೆದರಿಸಿಟ್ಟಿದಾಳೆ ಮಗೂನ" ಅಂದಳು. "ಹೂಂ, ಮತ್ತಿನ್ನೇನು" ಅಂದೆ ನಾನು. ಈ ಜನ್ಮದಲ್ಲಿ ನೀಲಮ್ಮನ ಮಾತಿಗೆ ನಾನು ಹೂಂ ಅಂದಿದ್ದು ಅದೊಂದೇ ಸಲ.

ಮಗುವಿನ ತೋಳು ಹಿಡಿದು ಹತ್ತಿರ ಎಳ್ಕೊಂಡೆ. ಚಮಚದಲ್ಲಿ ತುಂಬಿ ಬಾಯಿ ಹತ್ತಿರ ತಂದೆ. "ಆ ಅನ್ನು" ಅಂದೆ. ಅವಳು ತುಟಿ ಬಿಗಿಯಾಗಿ ಮುಚ್ಚಿಕೊಂಡು ತಲೆ ಆಡಿಸಿದಳು, ಕಣ್ಣಲ್ಲಿ ನೀರು ತುಂಬಿತು. "ಸ್ಮೃತಿ, ಹಟ ಮಾಡ್ಬಾರ್ದು" ಅಂತ ಗದರಿಸಿ ಚಮಚ ತುಟಿಗೆ ಮುಟ್ಟಿಸೋದರಲ್ಲಿದ್ದೆ. ಅವಳು ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದಳು, "ನೀನು ತುಪ್ಪ ಹಾಕ್ದೆ ಅಜ್ಜಿ."

"ಸುಳ್ಳು ಹೇಳ್ಬಾರ್ದು. ತುಪ್ಪ ಮನೇಲೇ ಇಲ್ಲ."

"ದೇವರ ಮುಂದೆ ಹಾಕ್ದೆ. ಆ ಬೆಳ್ಳಿ ಬಟ್ಟಲಿಂದ. ಎರಡು ಸಲ."

ನಾನು ತಟ್ಟೆ ಕಡೆ ನೋಡಿದೆ. ಅವಲಕ್ಕಿ ಮೇಲೆ ಒಂದು ಮೂಲೆಯಲ್ಲಿ ಎರಡು ಕಡೆ ಹೊಳೀತಾ ಇತ್ತು. ನಾನು ದೊನ್ನೆಗೆ ಹಾಕಿದ್ದು ಆ ಮೂಲೆಯಿಂದಲೇ. ಚಮಚ ಮೂಗಿನ ಹತ್ತಿರ ತಂದೆ. ಚಕ್ಕೆ, ಬೆಲ್ಲ, ಕೊಬ್ಬರಿ ಎಣ್ಣೆ, ಅದರ ಮೇಲೆ ತುಪ್ಪದ ವಾಸನೆ.

ಹಾಕಿದ್ದು ನನಗೆ ನೆನಪೇ ಇಲ್ಲ. ಈಗಲೂ ಇಲ್ಲ. ನಲವತ್ತು ವರ್ಷದಿಂದ ಗಂಟೆ ಎತ್ತೋ ಮುಂಚೆ ಈ ಬಲಗೈ ಏನು ಮಾಡುತ್ತೋ ಅದನ್ನ ಮಾಡಿದೆ, ನನ್ನನ್ನ ಕೇಳಲಿಲ್ಲ. ತಾಯಿ ಇವರಿಗೆ ಬುದ್ಧಿ ಕೊಡು ಅಂತ ನಾನು ಬೇಡಿಕೊಳ್ಳೋಕೆ ತಯಾರಾಗ್ತಾ ಇರೋವಾಗ ಅದು ಬಟ್ಟಲಿಗೆ ಕೈ ಹಾಕಿ ಎರಡು ತೊಟ್ಟು ಬಿಟ್ಟಿದೆ. ಚಮಚದ್ದೆಲ್ಲ ರಂಗೋಲಿ ಮೇಲೆ ಚೆಲ್ಲಿದೆ. ಮಗುವಿನ ತುಟಿ ಒರೆಸೋಣ ಅಂತ ಸೆರಗು ತೆಗೆದೆ, ಅವಳು ಒಂದು ಹೆಜ್ಜೆ ಹಿಂದೆ ಹೋದಳು. ಸೆರಗಿಗೂ ತುಪ್ಪ ಆಗಿರಬಹುದು ಅಂತ ಆ ಮಗುವಿಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ.

"ಅಯ್ಯೋ ಬಿಡಿ ಅಂಬುಜಮ್ಮ, ಎರಡು ತೊಟ್ಟು ತಾನೇ, ಆ ಮೂಲೆ ತೆಗೆದುಹಾಕಿ ಈ ಕಡೆಯಿಂದ ಕೊಡಿ" ಅಂದರು ಯಾರೋ. ನೀಲಮ್ಮ ಎದ್ದು ಬಂದು ನನ್ನ ಪಕ್ಕ ಕೂತಳು. ಹೋದ ವರ್ಷ ನಾನು ಅಷ್ಟೆಲ್ಲ ಅಂದಿದ್ದಕ್ಕೆ ಈಗ ತೀರಿಸಿಕೊಳ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ, "ಮಗು ತಿಂದಿಲ್ವಲ್ಲ, ದೀಪ್ತಿಗೆ ಹೇಳೋಕೆ ಹೋಗ್ಬೇಡಿ. ನಾವ್ಯಾರೂ ಹೇಳಲ್ಲ" ಅಂದಳು. ಒಳ್ಳೆ ಮನಸ್ಸಿಂದಲೇ ಅಂದಳು. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು. ನಾನು ಈಗ ಅವಳ ಸಾಲಿಗೆ ಬಂದು ಕೂತಿದೀನಿ, ಅವಳು ಜಾಗ ಬಿಟ್ಟುಕೊಡ್ತಾ ಇದಾಳೆ ಅನ್ನಿಸಿತು. ಆದರೂ ಒಂದು ಗಳಿಗೆ ಹೌದಲ್ಲ ಅಂತ ಯೋಚಿಸಿದೆ. ಹೇಳದಿದ್ದರೆ ಮಗು ಮುಂದಿನ ವರ್ಷವೂ ಬರ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಮಗುವಿನ ಹೆಸರಲ್ಲಿ ನನ್ನ ಮಾನ ಉಳಿಸಿಕೊಳ್ಳೋ ಲೆಕ್ಕ ಅದು, ಇನ್ನೇನಲ್ಲ.

ಗೇಟು ಸದ್ದಾಯ್ತು. ದೀಪ್ತಿ ಮಳೆಯಲ್ಲಿ ಅರ್ಧ ನೆನೆದು ಬಂದಳು. ಚಪ್ಪಲಿ ಬಿಡೋ ಮುಂಚೆಯೇ ನಾನು ಬಾಗಿಲಿಗೆ ಹೋಗಿ ಹೇಳಿದೆ. "ನೈವೇದ್ಯ ಮಾಡುವಾಗ ನಾನೇ ತುಪ್ಪ ಹಾಕಿಬಿಟ್ಟಿದೀನಿ. ಅವಳು ತಿಂದಿಲ್ಲ. ನಾನು ಬಲವಂತ ಮಾಡಿದೆ, ಆದ್ರೂ ತಿನ್ಲಿಲ್ಲ."

ದೀಪ್ತಿ ನೇರ ಹೋಗಿ ಮಗುವಿನ ತುಟಿ ನೋಡಿದಳು, ನಾಲಿಗೆ ಚಾಚಿಸಿದಳು, ಕತ್ತು, ತೋಳು, ಹೊಟ್ಟೆ ಎಲ್ಲ ಬೆಳಕಿಗೆ ತಿರುಗಿಸಿ ನೋಡಿದಳು. ಸೋಪು ಹಾಕಿ ಕೈ ಮುಖ ತೊಳೆಸಿಕೊಂಡು ಬಂದಳು. ಆಮೇಲೆ ಮಗುವಿನ ಪಕ್ಕ ನೆಲದ ಮೇಲೆ ಕೂತಳು.

"ಅಮ್ಮ, ನೀನು ಹೇಳ್ದಂಗೇ ನೋಡ್ತಾ ಇದ್ದೆ" ಅಂದಳು ಸ್ಮೃತಿ.

"ಏನು ಹೇಳಿದ್ಳು ಅಮ್ಮ?" ಅಂದೆ ನಾನು.

ಮಗುವಿಗೆ ಮುಚ್ಚಿಡೋಕೆ ಎಲ್ಲಿ ಬರುತ್ತೆ. "ಬೇರೆಯೋರು ಏನು ಕೊಟ್ರೂ ನಾನು ತಿನ್ನಲ್ವಲ್ಲ. ನೀನು ಕೊಟ್ರೆ ತಿಂದ್ಬಿಡ್ತೀನಂತೆ. ಅದಕ್ಕೇ ಅಜ್ಜಿ ಕೈನೇ ನೋಡ್ತಾ ಇರು, ಬೇರೆ ಏನೂ ನೋಡ್ಬೇಡ ಅಂದ್ಳು."

ಹೆಂಗಸರೆಲ್ಲ ಸೆರಗು ಸರಿ ಮಾಡಿಕೊಳ್ತಾ, ಬೊಂಬೆಗಳ ಕಡೆ ನೋಡ್ತಾ ಕೂತರು. ದೀಪ್ತಿ ಅಲ್ಲ ಅನ್ನಲಿಲ್ಲ. ಒದ್ದೆ ಕೂದಲು ಹಿಂದೆ ತಳ್ಳಿ, ನನ್ನ ಮುಖ ನೋಡಿಯೇ ಹೇಳಿದಳು, "ನಿಮ್ಮ ಕೈ ಅಡುಗೆ ಅಂದ್ರೆ ಅವಳಿಗೆ ಪ್ರಾಣ ಅತ್ತೆ. ನಂಗೆ ಊರಲ್ಲಿರೋ ಎಲ್ಲರ ಮನೆಗಿಂತ ನಿಮ್ಮ ಮನೇದೇ ಭಯ."

ಅದರಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ಉತ್ತರ ಕೊಡ್ತಿದ್ದೆ.

"ಮುಂದಿನ ವರ್ಷ ಕಳಿಸಲ್ವಾ?" ಅಂತ ಕೇಳಿದೆ.

ದೀಪ್ತಿ ಮಗುವಿನ ತಲೆ ಸವರಿದಳು. "ಕಳಿಸ್ತೀನಿ ಅತ್ತೆ. ಇವತ್ತು ಧೈರ್ಯ ಬಂತು. ಇವಳು ನೋಡ್ಕೋತಾಳೆ."